ಗರ್ಭಕೋಶ ಜಾರಿದಾಗ ಯಾವ ಸ್ಕ್ಯಾನ್, ಯಾವಾಗ, ಹೇಗೆ?

ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡಿದ ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ ‘ಗರ್ಭಕೋಶ ನಾರ್ಮಲ್’ ಎಂದು ಬರೆದಿರುತ್ತದೆ. ಆದರೆ ಸಂಜೆಯಾಗುತ್ತಿದ್ದಂತೆ ಕೆಳಗೆ ಗಡ್ಡೆಯಂಥದ್ದೇನೋ ಇಳಿದು ಬರುತ್ತದೆ, ಕುಕ್ಕರಗಾಲಲ್ಲಿ ಕೂತರೆ ಕೈಗೆ ಸಿಗುತ್ತದೆ, ಮೂತ್ರ ಪೂರ್ತಿ ಹೋದಂತೆ ಅನ್ನಿಸುವುದಿಲ್ಲ. ರಿಪೋರ್ಟ್ ನೋಡಿದ ಮನೆಯವರು ‘ಏನೂ ಇಲ್ಲವಂತಲ್ಲ’ ಅನ್ನುತ್ತಾರೆ, ಆಕೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ರಿಪೋರ್ಟ್ ಸುಳ್ಳಲ್ಲ. ಅಂಗಾತ ಮಲಗಿಸಿ, ಮೂತ್ರಕೋಶ ತುಂಬಿಸಿ, ತಿಣುಕಿಸದೆ ನೋಡಿದರೆ ಜಾರಿದ ಅಂಗ ಮೇಲಕ್ಕೆ ಸರಿದಿರುತ್ತದೆ. ಆ ಸ್ಕ್ಯಾನಿನಿಂದ ತಿಳಿಯುವುದು ಗರ್ಭಕೋಶದ ಗಾತ್ರ, ಫೈಬ್ರಾಯ್ಡ್, ಅಂಡಾಶಯದ ಗಡ್ಡೆ ಇಂಥವು. ಜಾರಿರುವುದು ತಿಳಿಯಬೇಕಾದರೆ ಬೇರೆ ರೀತಿಯಲ್ಲಿ ನೋಡಬೇಕು.

ಅಮ್ಮನನ್ನೋ ಅತ್ತೆಯನ್ನೋ ಆಸ್ಪತ್ರೆಗೆ ಕರೆದೊಯ್ಯುವವರಿಗೆ, ಅಥವಾ ತಾವೇ ಚೀಟಿ ಹಿಡಿದು ಸ್ಕ್ಯಾನಿಂಗ್ ಸೆಂಟರಿನ ಮುಂದೆ ಕೂತಿರುವವರಿಗೆ ಈ ಬರಹ. ಚಿಕಿತ್ಸೆ ಏನು ಎಂಬುದನ್ನು ವೈದ್ಯರೇ ಹೇಳಬೇಕು. ಸ್ಕ್ಯಾನ್ ಯಾಕೆ ಬೇಕು, ಅದಕ್ಕೆ ಹೇಗೆ ತಯಾರಾಗಬೇಕು, ಬಂದ ರಿಪೋರ್ಟನ್ನು ಹೇಗೆ ಓದಬೇಕು ಎಂಬುದು ಇಲ್ಲಿದೆ.

ಮೊದಲು ಒಳಗಿನ ಜಾಗ ಗೊತ್ತಿರಲಿ. ಸೊಂಟದ ಮೂಳೆಗಳ ನಡುವೆ, ಮುಂದಿನ ಪ್ಯೂಬಿಕ್ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಸ್ನಾಯುಗಳು ಜೋಲಿಯಂತೆ ಹರಡಿಕೊಂಡಿವೆ. ಇದರಲ್ಲಿ ಮುಖ್ಯವಾದದ್ದು ಲಿವೇಟರ್ ಸ್ನಾಯು. ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಗುದನಾಳ ಇದರ ಮೇಲೆ ಕೂತಿರುತ್ತವೆ. ಹೆರಿಗೆ, ವಯಸ್ಸು, ವರ್ಷಗಟ್ಟಲೆ ಭಾರ ಎತ್ತುವುದು, ಬಿಡದ ಕೆಮ್ಮು, ಮಲಬದ್ಧತೆ ಇವುಗಳಿಂದ ಈ ಆಧಾರ ಸಡಿಲವಾಗುತ್ತದೆ. ಮುಂಗೋಡೆಯಿಂದ ಮೂತ್ರಕೋಶ ಇಳಿದರೆ ಚೀಟಿಯಲ್ಲಿ ‘ಸಿಸ್ಟೋಸೀಲ್’ ಎಂದಿರುತ್ತದೆ. ಹಿಂಗೋಡೆಯಿಂದ ಗುದನಾಳ ಉಬ್ಬಿದರೆ ‘ರೆಕ್ಟೋಸೀಲ್’, ಸಣ್ಣ ಕರುಳು ಇಳಿದರೆ ‘ಎಂಟರೋಸೀಲ್’, ಗರ್ಭಕೋಶ ಪೂರ್ತಿ ಹೊರಗೆ ಬಂದರೆ ‘ಪ್ರೊಸಿಡೆನ್ಷಿಯಾ’. ಗರ್ಭಕೋಶ ತೆಗೆಸಿದವರಲ್ಲೂ ಯೋನಿಯ ಮೇಲ್ತುದಿ ಜಾರಬಹುದು, ಅದು ‘ವಾಲ್ಟ್ ಪ್ರೊಲ್ಯಾಪ್ಸ್’. ಒಬ್ಬರಲ್ಲೇ ಎರಡು ಮೂರು ಕೂಡಿರುವುದೇ ಹೆಚ್ಚು.

ಹೆಜ್ಜೆ 1: ಸ್ಕ್ಯಾನಿಗೆ ಮೊದಲು ಕೈ ಪರೀಕ್ಷೆ

ಗರ್ಭಕೋಶ ಜಾರಿದೆ ಎಂದು ಹೇಳಲು ಸ್ಕ್ಯಾನ್ ಬೇಕಿಲ್ಲ. ಸ್ತ್ರೀರೋಗ ತಜ್ಞರು ಕಾಲು ಮಡಚಿ ಮಲಗಿಸಿ, ಕೆಮ್ಮಿಸಿ, ಮಲಕ್ಕೆ ತಿಣುಕುವಂತೆ ಮುಕ್ಕಲು ಹೇಳಿ ನೋಡಿದರೆ ಬಹುಪಾಲು ಗೊತ್ತಾಗುತ್ತದೆ. ಮಲಗಿದಾಗ ಸರಿಯಾಗಿ ಕಾಣದಿದ್ದರೆ ನಿಲ್ಲಿಸಿಯೂ ನೋಡುತ್ತಾರೆ. ಪರೀಕ್ಷೆಯೇ ಮಾಡದೆ ‘ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ’ ಎಂದು ಕಳಿಸಿದರೆ ‘ಒಮ್ಮೆ ಪರೀಕ್ಷೆ ಮಾಡಿ ನೋಡ್ತೀರಾ ಡಾಕ್ಟ್ರೇ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಸಂಕೋಚವಾದರೆ ಲೇಡಿ ಡಾಕ್ಟರನ್ನು ಕೇಳಿ. ವೈದ್ಯರು ಗಂಡಸಾಗಿದ್ದರೆ ನರ್ಸ್ ಅಥವಾ ಮನೆಯ ಹೆಂಗಸರು ಒಳಗಿರಬೇಕು.

ಅಳತೆಗೆ 1996ರಲ್ಲಿ ಬಂದ ‘ಪಿಒಪಿ-ಕ್ಯೂ’ ಎಂಬ ಕ್ರಮವಿದೆ. ಯೋನಿಯ ಬಾಯಿಯ ಬಳಿ ಇರುವ ಕನ್ಯಾಪೊರೆಯ ಅಂಚನ್ನು ಸೊನ್ನೆ ಎಂದು ಇಟ್ಟುಕೊಂಡು, ಅದಕ್ಕಿಂತ ಒಳಗಿದ್ದರೆ ಮೈನಸ್, ಹೊರಗಿದ್ದರೆ ಪ್ಲಸ್ ಸೆಂಟಿಮೀಟರ್ ಎಂದು ಬರೆಯುತ್ತಾರೆ. ಜಾರಿದ ಭಾಗದ ತುದಿ ಅಂಚಿನಿಂದ 1 ಸೆಂ.ಮೀ. ಒಳಗಿನಿಂದ 1 ಸೆಂ.ಮೀ. ಹೊರಗಿನವರೆಗೆ, ಈ ನಡುವೆ ಇದ್ದರೆ ಸ್ಟೇಜ್ 2. ಅದಕ್ಕಿಂತ ಹೊರಗೆ ಬಂದರೆ ಸ್ಟೇಜ್ 3, ಹೆಚ್ಚುಕಡಿಮೆ ಪೂರ್ತಿ ಮಗುಚಿ ಬಂದರೆ ಸ್ಟೇಜ್ 4. ನಮ್ಮ ಕಡೆ ಹಲವು ಆಸ್ಪತ್ರೆಗಳಲ್ಲಿ ಇನ್ನೂ ‘ಸೆಕೆಂಡ್ ಡಿಗ್ರಿ’, ‘ಥರ್ಡ್ ಡಿಗ್ರಿ’ ಎಂದೇ ಬರೆಯುತ್ತಾರೆ. ಡಿಗ್ರಿ ಬೇರೆ, ಸ್ಟೇಜ್ ಬೇರೆ. ಒಬ್ಬರು ‘ಎರಡು’ ಅಂದರು, ಇನ್ನೊಬ್ಬರು ‘ಮೂರು’ ಅಂದರು, ಅಷ್ಟರಲ್ಲಿ ಕಾಯಿಲೆ ಜಾಸ್ತಿಯಾಯಿತು ಎಂದು ಗಾಬರಿಪಡುವ ಮೊದಲು ಯಾವ ಲೆಕ್ಕದಲ್ಲಿ ಹೇಳಿದರು ಎಂದು ನೋಡಿ.

ಹೆಜ್ಜೆ 2: ಈ ಸ್ಕ್ಯಾನ್ ಯಾತಕ್ಕೆ ಎಂದು ಕೇಳಿ

ಸ್ವಲ್ಪ ಇಳಿದಿದೆ, ತೊಂದರೆ ಕಡಿಮೆ, ವ್ಯಾಯಾಮ ಅಥವಾ ಪೆಸರಿ ಉಂಗುರದಲ್ಲಿ (ಜಾರದಂತೆ ಆಸರೆಗೆ ಯೋನಿಯೊಳಗೆ ಇಡುವುದು) ಸಾಗುತ್ತಿದೆ ಎನ್ನುವವರಿಗೆ ವಿಶೇಷ ಚಿತ್ರಣದ ಅಗತ್ಯವೇ ಬರದಿರಬಹುದು. ಸಾವಿರಾರು ರೂಪಾಯಿ ಕೊಟ್ಟು ಎಂಆರ್‌ಐ ಮಾಡಿಸಿದ ಮಾತ್ರಕ್ಕೆ ಚಿಕಿತ್ಸೆ ಉತ್ತಮವಾಗುವುದಿಲ್ಲ. ಚಿತ್ರಣ ನಿಜವಾಗಿ ನೆರವಿಗೆ ಬರುವುದು ಇಂಥ ಸಂದರ್ಭಗಳಲ್ಲಿ: ತೊಂದರೆ ಬಹಳ, ಆದರೆ ಪರೀಕ್ಷೆಯಲ್ಲಿ ಕಾಣುವುದು ಸ್ವಲ್ಪ. ಒಮ್ಮೆ ಆಪರೇಷನ್ ಆಗಿ ಮತ್ತೆ ಜಾರಿದೆ. ಮಲ ವಿಸರ್ಜನೆಗೆ ಬೆರಳಿನಿಂದ ಒತ್ತಿ ಸಹಾಯ ಮಾಡಿಕೊಳ್ಳಬೇಕಾಗಿದೆ. ಹಿಂಗೋಡೆಯ ಉಬ್ಬು ಗುದನಾಳದ್ದೋ ಕರುಳಿನದ್ದೋ ಎಂಬ ಅನುಮಾನವಿದೆ. ಇಲ್ಲವೇ ಉಬ್ಬಿರುವುದು ಜಾರಿದ ಅಂಗವೇ ಅಲ್ಲ, ಯೋನಿ ಗೋಡೆಯ ನೀರುಗಡ್ಡೆಯೋ ಮೂತ್ರದ್ವಾರದ ಪಕ್ಕದ ಚೀಲವೋ ಇರಬಹುದು ಎಂದು ವೈದ್ಯರಿಗೆ ಅನ್ನಿಸಿದೆ.

ಚೀಟಿಯಲ್ಲಿ ಬರೀ ‘ಯುಎಸ್‌ಜಿ ಪೆಲ್ವಿಸ್’, ಅಂದರೆ ಕೆಳಹೊಟ್ಟೆಯ ಅಲ್ಟ್ರಾಸೌಂಡ್, ಎಂದಿದ್ದರೆ ಸಾಲದು. ‘ಸಿಸ್ಟೋಸೀಲ್ ಜೊತೆ ಎಂಟರೋಸೀಲ್ ಇದೆಯೇ’ ಎಂಬಂತೆ ಏನು ನೋಡಬೇಕೆಂದು ಒಂದು ಸಾಲು ಬರೆಸಿಕೊಳ್ಳಿ. ಆ ಒಂದು ಸಾಲಿನಿಂದ ರೇಡಿಯಾಲಜಿಸ್ಟ್ ನೋಡುವ ಕ್ರಮವೇ ಬದಲಾಗುತ್ತದೆ.

ಹೆಜ್ಜೆ 3: ಅಗ್ಗದ ಸ್ಕ್ಯಾನನ್ನು ಕಡೆಗಣಿಸಬೇಡಿ

ಹೆಚ್ಚು ಜಾರಿದವರಲ್ಲಿ, ಅದರಲ್ಲೂ ಗರ್ಭಕೋಶ ಪೂರ್ತಿ ಹೊರಬಂದವರಲ್ಲಿ, ಮೊದಲು ನೋಡಬೇಕಾದದ್ದು ಕಿಡ್ನಿ. ಗರ್ಭಕೋಶ ಇಳಿದಾಗ ಅದರ ಅಕ್ಕಪಕ್ಕ ಹಾದುಹೋಗುವ ಮೂತ್ರನಾಳಗಳೂ ಕೆಳಗೆ ಎಳೆಯಲ್ಪಟ್ಟು ಬಾಗುತ್ತವೆ, ಮೂತ್ರ ಹಿಂದಕ್ಕೆ ತುಂಬಿಕೊಂಡು ಕಿಡ್ನಿ ಊದಿಕೊಳ್ಳಬಹುದು. ರಿಪೋರ್ಟಿನಲ್ಲಿ ಇದನ್ನು ‘ಹೈಡ್ರೋನೆಫ್ರೋಸಿಸ್’ ಎಂದು ಬರೆಯುತ್ತಾರೆ. ನೋವಿಲ್ಲದೆಯೇ ಬರುತ್ತದೆ, ಅದೇ ಇದರ ಕೆಟ್ಟತನ. ವರ್ಷಗಳಿಂದ ಸೀರೆಯ ನೆರಿಗೆಯೊಳಗೆ ಬಚ್ಚಿಟ್ಟುಕೊಂಡು ಓಡಾಡುವ ಅಜ್ಜಿಗೆ ಕಿಡ್ನಿ ಹಾಳಾಗುತ್ತಿರುವುದು ಗೊತ್ತೇ ಆಗುವುದಿಲ್ಲ. ಹೊಟ್ಟೆಯ ಮೇಲಿನ ಸಾಧಾರಣ ಅಲ್ಟ್ರಾಸೌಂಡಿನಲ್ಲಿ ಇದು ಕಾಣುತ್ತದೆ, ತಾಲೂಕು ಮಟ್ಟದ ಸೆಂಟರಿನಲ್ಲೂ ಆಗುತ್ತದೆ. ಚೀಟಿಯಲ್ಲಿ ‘ಕೆಯುಬಿ’ (ಕಿಡ್ನಿ, ಮೂತ್ರನಾಳ, ಮೂತ್ರಕೋಶ) ಎಂದಿರಲಿ. ಜೊತೆಗೆ ಕಿಡ್ನಿಯ ಕೆಲಸ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ. ಕಿಡ್ನಿ ಊದಿದ್ದರೆ ಹೊರಬಂದ ಭಾಗವನ್ನು ಒಳಗೆ ತಳ್ಳಿ ಪೆಸರಿ ಇಟ್ಟಾಗಲೇ ಎಷ್ಟೋ ಸಲ ಇಳಿಯುತ್ತದೆ.

ಇನ್ನೊಂದು, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂಬ ಅಳತೆ. ಇದಕ್ಕೆ ‘ಪಿವಿಆರ್’ ಅಥವಾ ‘ಪೋಸ್ಟ್ ವಾಯ್ಡ್’ ಎನ್ನುತ್ತಾರೆ. ಮೂತ್ರಕೋಶದ ಉದ್ದ, ಅಗಲ, ಎತ್ತರ ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಮಿಲಿಲೀಟರ್ ಲೆಕ್ಕ ಸುಮಾರಾಗಿ ಸಿಗುತ್ತದೆ. 100 ಮಿ.ಲೀ.ಗಿಂತ ಜಾಸ್ತಿ ಉಳಿಯುತ್ತಿದ್ದರೆ ವೈದ್ಯರು ಗಮನ ಕೊಡುತ್ತಾರೆ. ಮೂತ್ರ ಮಾಡಿ ಬಂದ ಕೂಡಲೇ ನೋಡಿದರಷ್ಟೇ ಈ ಅಂಕಿಗೆ ಬೆಲೆ. ಶೌಚಾಲಯದಿಂದ ಬಂದು ಸರದಿಯಲ್ಲಿ ಅರ್ಧ ಗಂಟೆ ಕೂತರೆ ಮೂತ್ರ ಮತ್ತೆ ತುಂಬಿರುತ್ತದೆ. ‘ಹೋಗಿ ಬಂದೆ, ಈಗಲೇ ನೋಡಿ’ ಎಂದು ಹೇಳಿ ಒಳಗೆ ಹೋಗಿ. ಹೊಸ ಜಾಗ, ಕೊಳಕು ಶೌಚಾಲಯ ಎಂಬ ಕಾರಣಕ್ಕೆ ಅರ್ಧಂಬರ್ಧ ಮೂತ್ರ ಮಾಡಿ ಬಂದಿದ್ದರೆ ಅದನ್ನೂ ಹೇಳಿ.

ಮುಟ್ಟು ನಿಂತ ಮೇಲೆ ರಕ್ತ ಕಂಡಿದ್ದರೆ ಗರ್ಭಕೋಶದ ಒಳಪದರದ ದಪ್ಪವನ್ನೂ ಇದೇ ಹೊತ್ತಿನಲ್ಲಿ ನೋಡಿಸಬೇಕು. 4 ಮಿ.ಮೀ.ಗಿಂತ ಹೆಚ್ಚಿದ್ದರೆ ಮುಂದಿನ ತಪಾಸಣೆ ಆಗದೆ ಜಾರಿದ್ದಕ್ಕೆ ಆಪರೇಷನ್ ಮಾಡುವುದಿಲ್ಲ. ಸ್ಕ್ಯಾನಿನಲ್ಲಿ ಸಣ್ಣ ಫೈಬ್ರಾಯ್ಡ್ ಕಂಡಿತು ಎಂಬ ಒಂದೇ ಕಾರಣಕ್ಕೆ ಮಾತ್ರ ಗರ್ಭಕೋಶ ತೆಗೆಸಲು ಓಡಬೇಡಿ.

ಹೆಜ್ಜೆ 4: ಕೆಳಗಿನಿಂದ ನೋಡುವ ಅಲ್ಟ್ರಾಸೌಂಡ್

ಇದು ‘ಟ್ರಾನ್ಸ್‌ಪೆರಿನಿಯಲ್’ ಅಥವಾ ‘ಟ್ರಾನ್ಸ್‌ಲೇಬಿಯಲ್’ ಸ್ಕ್ಯಾನ್. ಹೊಟ್ಟೆಯ ಮೇಲೆ ಇಡುವ ಅದೇ ಬಾಗಿದ ಪ್ರೋಬಿಗೆ ಗ್ಲೌಸ್ ತೊಡಿಸಿ, ಯೋನಿದ್ವಾರದ ಹೊರಗೆ ಇಟ್ಟು ನೋಡುತ್ತಾರೆ. ಒಳಗೆ ಏನನ್ನೂ ತೂರಿಸುವುದಿಲ್ಲ. ಈ ಮಾತನ್ನು ಮೊದಲೇ ಹೇಳಿದರೆ ವಯಸ್ಸಾದವರ ಅರ್ಧ ಭಯ ಹೋಗುತ್ತದೆ. ಒಳಗೆ ಇಡುವ ಟಿವಿಎಸ್ ಪ್ರೋಬು ಈ ಕೆಲಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ, ಇಳಿಯಬೇಕಾದ ಅಂಗಕ್ಕೆ ಅದೇ ಅಡ್ಡ ನಿಲ್ಲುತ್ತದೆ. ವಿಕಿರಣವಿಲ್ಲ, ಕುಳಿತೋ ನಿಂತೋ ಕೂಡ ನೋಡಬಹುದು. ತೊಡಕು ಒಂದೇ: ಇದನ್ನು ಕಲಿತು ಮಾಡುವವರು ಕಡಿಮೆ. ಹೋಗುವ ಮೊದಲು ಫೋನ್ ಮಾಡಿ ‘ಪೆಲ್ವಿಕ್ ಫ್ಲೋರ್ ಸ್ಕ್ಯಾನ್ ಮಾಡ್ತೀರಾ? ಮುಕ್ಕಿಸಿ ನೋಡ್ತೀರಾ?’ ಎಂದು ಕೇಳಿಕೊಳ್ಳಿ. ದೊಡ್ಡ ಊರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ, ಯೂರೋಗೈನಕಾಲಜಿ (ಹೆಂಗಸರ ಮೂತ್ರ ಮತ್ತು ಅಂಗ ಜಾರುವ ತೊಂದರೆ) ನೋಡುವವರ ಬಳಿ ಸಿಗುವ ಸಾಧ್ಯತೆ ಹೆಚ್ಚು.

ತಯಾರಿಯಲ್ಲಿ ಎಲ್ಲರೂ ಎಡವುವುದು ನೀರಿನ ವಿಷಯದಲ್ಲಿ. ಹೊಟ್ಟೆ ಮೇಲಿನ ಪೆಲ್ವಿಸ್ ಸ್ಕ್ಯಾನಿಗೆ ನೀರು ಕುಡಿದು ಮೂತ್ರ ತಡೆದುಕೊಂಡು ಬರಬೇಕು, ಕೆಳಗಿನಿಂದ ನೋಡುವ ಸ್ಕ್ಯಾನಿಗೆ ಮೂತ್ರಕೋಶ ಖಾಲಿ ಇರಬೇಕು. ಎರಡೂ ಒಂದೇ ದಿನವಿದ್ದರೆ ಮೂತ್ರ ತುಂಬಿಕೊಂಡೇ ಹೋಗಿ. ಮೊದಲು ಹೊಟ್ಟೆಯ ಸ್ಕ್ಯಾನ್, ಆಮೇಲೆ ಮೂತ್ರ ಮಾಡಿ ಬಂದು ಪಿವಿಆರ್, ಅದರ ಹಿಂದೆಯೇ ಕೆಳಗಿನ ಸ್ಕ್ಯಾನ್. ಒಂದೇ ಸರದಿಯಲ್ಲಿ ಮೂರೂ ಮುಗಿಯುತ್ತವೆ. ಮಲವಿಸರ್ಜನೆಯೂ ಆಗಿದ್ದರೆ ಒಳ್ಳೆಯದು. ಪೆಸರಿ ಹಾಕಿದ್ದರೆ ತೆಗೆಸಿಕೊಳ್ಳಬೇಕೇ ಎಂದು ವೈದ್ಯರನ್ನು ಕೇಳಿ. ಅದು ಒಳಗಿದ್ದಾಗ ಇಳಿಯುವ ಅಂಗ ಇಳಿಯುವುದಿಲ್ಲ.

ಇಡೀ ಸ್ಕ್ಯಾನ್ ನಿಂತಿರುವುದು ಮುಕ್ಕುವುದರ ಮೇಲೆ. ‘ಜೋರಾಗಿ ಮುಕ್ಕಮ್ಮಾ’ ಎಂದಾಗ ಗಾಳಿ, ಮೂತ್ರ, ಮಲ ಏನಾದರೂ ಹೊರಬಂದೀತು ಎಂಬ ನಾಚಿಕೆಯಿಂದ ಎಷ್ಟೋ ಹೆಂಗಸರು ಮುಕ್ಕುವ ಬದಲು ಬಿಗಿಹಿಡಿಯುತ್ತಾರೆ. ಆಗ ಲಿವೇಟರ್ ಸ್ನಾಯು ಮುಚ್ಚಿಕೊಂಡು, ದೊಡ್ಡದಾಗಿ ಜಾರಿದ್ದೂ ಸಣ್ಣದಾಗಿ ಕಾಣುತ್ತದೆ. ಒಳ್ಳೆಯ ರೇಡಿಯಾಲಜಿಸ್ಟ್ ಪರದೆಯನ್ನು ರೋಗಿಯ ಕಡೆ ತಿರುಗಿಸಿ ‘ನೋಡಿ, ಇದು ಬಿಗಿಹಿಡಿದದ್ದು, ಈಗ ಸಡಿಲ ಬಿಟ್ಟು ಕೆಳಗೆ ತಳ್ಳಿ’ ಎಂದು ತೋರಿಸುತ್ತಾರೆ. ಒಂದು ಸಲ ಮುಕ್ಕಿದರೆ ಸಾಲದು, 5-6 ಸೆಕೆಂಡಾದರೂ ಹಿಡಿದು, ಎರಡು ಮೂರು ಸಲ ಮಾಡಬೇಕು. ಕೆಳಗೆ ಹಾಳೆ ಹಾಸಿಯೇ ಇರುತ್ತಾರೆ. ಏನಾದರೂ ಹೊರಬಂದರೆ ಅಲ್ಲಿರುವವರಿಗೆ ಅದು ದಿನನಿತ್ಯದ ಸಂಗತಿ.

ರಿಪೋರ್ಟಿನಲ್ಲಿ ನೋಡಬೇಕಾದದ್ದು ಮೂರು. ಪ್ಯೂಬಿಕ್ ಮೂಳೆಯ ಕೆಳ ಅಂಚಿನಿಂದ ಎಳೆದ ಅಡ್ಡಗೆರೆಗಿಂತ ಅಂಗ ಎಷ್ಟು ಕೆಳಗಿಳಿಯಿತು ಎಂಬುದು ಮೊದಲನೆಯದು. ಮೂತ್ರಕೋಶ 10 ಮಿ.ಮೀ., ಗುದನಾಳ 15 ಮಿ.ಮೀ. ಅಥವಾ ಅದಕ್ಕಿಂತ ಕೆಳಗಿದ್ದರೆ ಗಣನೀಯ ಎಂದು ಎಣಿಸುತ್ತಾರೆ. ಎರಡನೆಯದು ಲಿವೇಟರ್ ಸ್ನಾಯುವಿನ ನಡುವಿನ ಕಿಂಡಿ, ಅಂದರೆ ‘ಹಯಾಟಸ್’. ಜೋರಾಗಿ ಮುಕ್ಕಿದಾಗ ಇದು 25 ಚದರ ಸೆಂ.ಮೀ.ಗಿಂತ ಹಿಗ್ಗಿದರೆ ‘ಬಲೂನಿಂಗ್’ ಎಂದು ಬರೆಯುತ್ತಾರೆ. 40 ದಾಟಿದರೆ ಅದು ತೀವ್ರ. ಮೂರನೆಯದು ‘ಲಿವೇಟರ್ ಅವಲ್ಷನ್’: ಹೆರಿಗೆಯಲ್ಲಿ ಆ ಸ್ನಾಯು ಮೂಳೆಯಿಂದ ಕಿತ್ತು ಬಂದಿರುವುದು. ಫೋರ್ಸೆಪ್ಸ್ ಹಾಕಿದ ಹೆರಿಗೆಯಲ್ಲಿ ಇದರ ಸಂಭವ ಹೆಚ್ಚು. ಇದನ್ನು ನೋಡಲು 3ಡಿ ಅಥವಾ 4ಡಿ ಸೌಲಭ್ಯದ ಯಂತ್ರ ಬೇಕು. ಸ್ನಾಯು ಕಿತ್ತಿರುವವರಲ್ಲಿ ಬರೀ ಮುಂಗೋಡೆ ಬಿಗಿಮಾಡಿ ಹೊಲಿದರೆ ಮತ್ತೆ ಜಾರುವ ಅಪಾಯ ಹೆಚ್ಚಿರುವುದರಿಂದ ಆಪರೇಷನ್ನಿನ ಆಯ್ಕೆಯ ಮೇಲೆ ಇದು ಪ್ರಭಾವ ಬೀರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಸ್ಕ್ಯಾನಿನ ದೊಡ್ಡ ಲಾಭವೇ ಇದು. ಎಷ್ಟು ಇಳಿದಿದೆ ಎಂಬುದು ಕಣ್ಣಿಗೂ ಕಾಣುತ್ತದೆ, ಯಾಕೆ ಇಳಿಯಿತು ಎಂಬುದು ಕಾಣುವುದಿಲ್ಲ.

ಹಿಂದೆ ಆಪರೇಷನ್ನಿನಲ್ಲಿ ಆಸರೆಗೆ ಜಾಲರಿ (ಮೆಶ್) ಅಥವಾ ಮೂತ್ರ ಸೋರದಂತೆ ಟೇಪ್ ಹಾಕಿಸಿಕೊಂಡವರಿಗೂ ಇದೇ ಸ್ಕ್ಯಾನ್ ಸರಿ. ಪಾಲಿಪ್ರೊಪಿಲೀನ್ ಜಾಲರಿ ಅಲ್ಟ್ರಾಸೌಂಡಿನಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ, ಎಂಆರ್‌ಐನಲ್ಲಿ ಅಷ್ಟು ಚೆನ್ನಾಗಿ ಕಾಣದು. ಅಂಗ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕುವ ಜಾಲರಿಯ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ನಿಲ್ಲಿಸಿತು. ಅದಕ್ಕೂ ಮುಂಚೆ ಹಾಕಿಸಿಕೊಂಡು ಈಗ ನೋವು, ರಕ್ತ, ಸಂಭೋಗದಲ್ಲಿ ಚುಚ್ಚಿದಂತಾಗುವುದು ಇದ್ದರೆ ಜಾಲರಿ ಎಲ್ಲಿದೆ, ಮಡಚಿದೆಯೇ ಎಂದು ನೋಡಿಸಬೇಕು.

ಹೆಜ್ಜೆ 5: ಡೈನಾಮಿಕ್ ಎಂಆರ್‌ಐ

ಎಂಆರ್‌ಐ ಎಂದರೆ ಅಲುಗಾಡದೆ ಮಲಗುವುದು ಎಂದೇ ಎಲ್ಲರೂ ತಿಳಿದಿರುತ್ತಾರೆ. ಇಲ್ಲಿ ಹಾಗಲ್ಲ. ಮೊದಲು ಅಲುಗಾಡದ ಚಿತ್ರಗಳು, ನಂತರ ಬಿಗಿಹಿಡಿ, ಮುಕ್ಕು, ಕೊನೆಗೆ ಒಳಗೆ ತುಂಬಿಸಿದ ಜೆಲ್ಲನ್ನು ಮಲದಂತೆ ಹೊರಹಾಕು ಎಂದು ಹೇಳುತ್ತಾ ಓಡುವ ಚಿತ್ರ ತೆಗೆಯುತ್ತಾರೆ. ‘ಎಂಆರ್ ಡಿಫಿಕೋಗ್ರಫಿ’ ಎಂದು ಬರೆದಿದ್ದರೆ ಇದೇ. ಗುದದ್ವಾರದಿಂದ ಸಣ್ಣ ಕೊಳವೆಯಲ್ಲಿ ಸುಮಾರು 120ರಿಂದ 250 ಮಿ.ಲೀ. ಅಲ್ಟ್ರಾಸೌಂಡ್ ಜೆಲ್ ಹಾಕುತ್ತಾರೆ. ಕೆಲವು ಕಡೆ ಯೋನಿಯೊಳಗೂ ಸ್ವಲ್ಪ. ನೋವಾಗುವುದಿಲ್ಲ, ತಣ್ಣಗಾಗಿ ಮಲ ಬಂದಂತೆ ಅನ್ನಿಸುತ್ತದೆ.

ಯುರೋಪಿನ ರೇಡಿಯಾಲಜಿ ಸಂಘಗಳ 2017ರ ಮಾರ್ಗಸೂಚಿಯಲ್ಲಿ ಜೆಲ್ ಹೊರಹಾಕುವ ಹಂತ ಇರಲೇಬೇಕು ಎಂದಿದೆ. ಕಾರಣ ಸರಳ: ಮುಕ್ಕಿದಾಗ ಕಾಣದ ರೆಕ್ಟೋಸೀಲ್, ಎಂಟರೋಸೀಲ್ ಎಷ್ಟೋ ಸಲ ಗುದನಾಳ ಖಾಲಿಯಾಗುವಾಗ ಇಳಿದು ಬರುತ್ತವೆ. ಒಳಗೆ ಇರುವ ಜಾಗ ಅಷ್ಟೇ. ಒಂದು ಅಂಗ ಆ ಜಾಗ ತುಂಬಿಕೊಂಡರೆ ಇನ್ನೊಂದಕ್ಕೆ ಇಳಿಯಲು ಎಡೆಯಿಲ್ಲ. ಮೂತ್ರಕೋಶ ತುಂಬಿದ್ದರೂ ಇದೇ ಕಥೆ. ಅದಕ್ಕೇ ಸ್ಕ್ಯಾನಿಗೆ ಸುಮಾರು 2 ಗಂಟೆ ಮುಂಚೆ ಮೂತ್ರ ಮಾಡಿರಬೇಕು ಎನ್ನುತ್ತಾರೆ. ನಿಮ್ಮ ಸೆಂಟರಿನಲ್ಲಿ ‘ಬರೀ ಮುಕ್ಕಿಸಿ ತೆಗೀತೀವಿ’ ಎಂದರೆ ಮಲಬದ್ಧತೆಯೇ ಮುಖ್ಯ ತೊಂದರೆಯಾದವರು ಬೇರೆ ಸೆಂಟರ್ ಹುಡುಕುವುದು ಮೇಲು.

ಹೋಗುವ ಮೊದಲು ಮನೆಯಲ್ಲೇ ಆಗಬೇಕಾದ ಮಾತು ಒಡವೆಯದ್ದು. ಬಳೆ, ಕಾಲುಂಗುರ, ಮೂಗುತಿ, ಕೂದಲಿನ ಪಿನ್ನು, ಮಾಂಗಲ್ಯ ಎಲ್ಲ ತೆಗೆಯಬೇಕು. ಸ್ಕ್ಯಾನ್ ಬಾಗಿಲಲ್ಲಿ ಮಾಂಗಲ್ಯ ತೆಗೆಯಿರಿ ಎಂದಾಗ ಅಳುವ ಅಜ್ಜಿಯರಿದ್ದಾರೆ. ಅಂಥವರು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬಂದರೆ ಯಾರ ಮನಸ್ಸಿಗೂ ನೋವಿಲ್ಲ. ಪೇಸ್‌ಮೇಕರ್, ಮೆದುಳಿನ ಕ್ಲಿಪ್, ಕಿವಿಯ ಇಂಪ್ಲಾಂಟ್ ಇದ್ದರೆ ದಿನ ಗೊತ್ತುಮಾಡುವಾಗಲೇ ತಿಳಿಸಬೇಕು. ವಯಸ್ಕರ ಡೈಪರ್, ಇನ್ನೊಂದು ಲಂಗ ಜೊತೆಗಿರಲಿ. ಮಲಗಿ ಮಲ ಹೊರಹಾಕುವುದು ಯಾರಿಗೂ ಸುಲಭವಲ್ಲ, ಡೈಪರ್ ಇದ್ದರೆ ಧೈರ್ಯ ಬರುತ್ತದೆ. ಜೆಲ್ ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸಲು ಹೇಳುತ್ತಾರೆ, ಗಾಬರಿ ಬೇಡ. ಸಾಮಾನ್ಯವಾಗಿ ಇದಕ್ಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಾಗುವುದಿಲ್ಲ.

ರಿಪೋರ್ಟಿನಲ್ಲಿ ‘ಪಿಸಿಎಲ್’ ಎಂಬ ಗೆರೆಯ ಹೆಸರು ಬರುತ್ತದೆ. ಪ್ಯೂಬಿಕ್ ಮೂಳೆಯ ಕೆಳ ಅಂಚಿನಿಂದ ಬಾಲಮೂಳೆಯ ಕೊನೆಯ ಕೀಲಿಗೆ ಎಳೆದ ಗೆರೆ ಅದು. ಅದರಿಂದ ಕೆಳಗೆ 3 ಸೆಂ.ಮೀ.ಗಿಂತ ಕಡಿಮೆ ಇಳಿದಿದ್ದರೆ ಸಣ್ಣದು, 3ರಿಂದ 6 ಮಧ್ಯಮ, 6 ದಾಟಿದರೆ ದೊಡ್ಡದು ಎಂಬುದು ಬಳಕೆಯ ಲೆಕ್ಕ. ರೆಕ್ಟೋಸೀಲನ್ನು ಅದರ ಉಬ್ಬಿನ ಆಳದಿಂದ ಅಳೆಯುತ್ತಾರೆ: 2 ಸೆಂ.ಮೀ.ವರೆಗೆ ಸಣ್ಣದು, 4 ದಾಟಿದರೆ ದೊಡ್ಡದು. ಮಕ್ಕಳಾದ ಹೆಂಗಸರಲ್ಲಿ ಯಾವ ತೊಂದರೆಯೂ ಇಲ್ಲದೆ ಸಣ್ಣ ರೆಕ್ಟೋಸೀಲ್ ಕಾಣುವುದು ಸಾಮಾನ್ಯ. ಆ ಪದ ರಿಪೋರ್ಟಿನಲ್ಲಿ ಬಂತೆಂದು ಹೆದರಬೇಡಿ. ಅದರಲ್ಲಿ ಜೆಲ್ ಸಿಕ್ಕಿಹಾಕಿಕೊಂಡು ಉಳಿಯಿತೇ ಎಂಬುದು ಗಾತ್ರಕ್ಕಿಂತ ಮುಖ್ಯ.

ಹೆಜ್ಜೆ 6: ಬೇರಿಯಂ ಡಿಫಿಕೋಗ್ರಫಿ

ಎಕ್ಸ್‌-ರೇ ಮುಂದೆ ಕಮೋಡಿನಂಥ ಆಸನದಲ್ಲಿ ಕೂರಿಸಿ, ಗುದನಾಳಕ್ಕೆ ಹಾಕಿದ ಬೇರಿಯಂ ಪೇಸ್ಟನ್ನು (ಎಕ್ಸ್‌-ರೇಯಲ್ಲಿ ಎದ್ದು ಕಾಣುವ ವಸ್ತು) ಹೊರಹಾಕಿಸಿ ನೋಡುವ ಹಳೆಯ ವಿಧಾನ. ಕೂತು ಮಾಡುವುದರಿಂದ ಸಹಜಕ್ಕೆ ಹತ್ತಿರ. ಆದರೆ ವಿಕಿರಣವಿದೆ, ಸ್ನಾಯುಗಳು ಕಾಣುವುದಿಲ್ಲ. ಕರುಳು ಕಾಣಬೇಕೆಂದರೆ ಮೊದಲೇ ಬೇರಿಯಂ ಕುಡಿಸಬೇಕು. ಗರ್ಭಿಣಿಯಾಗಿರುವ ಸಾಧ್ಯತೆಯಿದ್ದರೆ ಮೊದಲೇ ಹೇಳಿ.

ಹೆಜ್ಜೆ 7: ಅಂಕಿಗಳು ಹೊಂದದಿದ್ದಾಗ

ವೈದ್ಯರು ಪ್ಲಸ್ 2 ಎಂದು ಬರೆದಿದ್ದಾರೆ, ಎಂಆರ್‌ಐ 4 ಸೆಂ.ಮೀ. ಎನ್ನುತ್ತದೆ, ಅಲ್ಟ್ರಾಸೌಂಡ್ 15 ಮಿ.ಮೀ. ಎನ್ನುತ್ತದೆ. ಮೂರೂ ಸರಿಯೇ ಇರಬಹುದು. ಒಬ್ಬರು ಕನ್ಯಾಪೊರೆಯ ಅಂಚಿನಿಂದ ಅಳೆದರು, ಇನ್ನೊಬ್ಬರು ಅದಕ್ಕಿಂತ ಮೇಲಿರುವ ಪಿಸಿಎಲ್‌ನಿಂದ, ಮತ್ತೊಬ್ಬರು ಮೂಳೆಯ ಅಂಚಿನ ಅಡ್ಡಗೆರೆಯಿಂದ. ಇವನ್ನು ಒಂದರ ಪಕ್ಕ ಒಂದಿಟ್ಟು ಹೆಚ್ಚಾಯಿತು ಕಡಿಮೆಯಾಯಿತು ಎನ್ನಲಾಗದು. ಆಪರೇಷನ್ನಿನ ಮುಂಚೆ, ಆಮೇಲೆ ಹೋಲಿಸಬೇಕಿದ್ದರೆ ಒಂದೇ ಬಗೆಯ ಸ್ಕ್ಯಾನ್ ಆಗಿರಲಿ, ಸಾಧ್ಯವಾದರೆ ಒಂದೇ ಕಡೆ. ಮುಚ್ಚಿದ ಎಂಆರ್‌ಐನಲ್ಲಿ ಮಲಗಿ ತೆಗೆಯುವುದರಿಂದ ನಿಂತಾಗ ಆಗುವಷ್ಟು ಇಳಿತ ಕಾಣದೆಯೂ ಹೋಗಬಹುದು. ರಿಪೋರ್ಟ್ ಹಗುರವಾಗಿ ಬಂದು ನಿಮ್ಮ ತೊಂದರೆ ಭಾರವಾಗಿದ್ದರೆ ‘ಸರಿಯಾಗಿ ಮುಕ್ಕಿದ್ದರಾ?’ ಎಂಬ ಸಾಲು ರಿಪೋರ್ಟಿನಲ್ಲಿದೆಯೇ ಹುಡುಕಿ. ‘ಸಬ್‌ಆಪ್ಟಿಮಲ್ ಸ್ಟ್ರೈನಿಂಗ್’, ಅಂದರೆ ಸಾಕಷ್ಟು ಮುಕ್ಕಲಿಲ್ಲ, ಎಂದಿದ್ದರೆ ಆ ಸ್ಕ್ಯಾನನ್ನು ಪೂರ್ತಿ ನಂಬುವಂತಿಲ್ಲ.

ಕೆಲವು ಲಕ್ಷಣಗಳಿಗೆ ಸ್ಕ್ಯಾನಿನ ದಿನಾಂಕ ಕಾಯಬೇಡಿ. ಮೂತ್ರ ಪೂರ್ತಿ ಕಟ್ಟಿದರೆ, ಹೊರಬಂದ ಭಾಗ ಊದಿ ಒಳಗೆ ಹೋಗದಿದ್ದರೆ, ಅದರ ಮೇಲೆ ಹುಣ್ಣಾಗಿದ್ದರೆ, ಚಳಿಜ್ವರದ ಜೊತೆ ಪಕ್ಕೆ ನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೂ ಮುಂದೂಡುವಂತಿಲ್ಲ.

ಹೆಜ್ಜೆ 8: ಸರ್ಜನ್ ಬಳಿಗೆ ಏನು ಒಯ್ಯಬೇಕು

ದೊಡ್ಡ ಕವರಿನಲ್ಲಿ ಕೊಡುವ ಫಿಲ್ಮ್ ಈ ಸ್ಕ್ಯಾನಿಗೆ ಅಷ್ಟು ಉಪಯೋಗಕ್ಕೆ ಬಾರದು. ಅಂಗ ಇಳಿಯುವುದು ಓಡುವ ಚಿತ್ರದಲ್ಲಿ ಕಾಣುತ್ತದೆಯೇ ಹೊರತು ಫಿಲ್ಮಿನ ಚೌಕಗಳಲ್ಲಲ್ಲ. ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ‘ಡೈನಾಮಿಕ್ ಸಿನಿ’ ಸೇರಿಸಿ ಕೊಡಿ ಎಂದು ಸೆಂಟರಿನಿಂದ ಹೊರಡುವ ಮೊದಲೇ ಕೇಳಿ ಪಡೆದುಕೊಳ್ಳಿ. ವಾರ ಕಳೆದು ಹೋದರೆ ‘ಸಿಸ್ಟಮ್‌ನಲ್ಲಿಲ್ಲ’ ಎನ್ನುವವರೂ ಇದ್ದಾರೆ. ಹಳೆಯ ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿಯನ್ನು ಸ್ಕ್ಯಾನಿಗೂ ಸರ್ಜನ್ ಬಳಿಗೂ ಒಯ್ಯಿರಿ. ಗರ್ಭಕೋಶ ತೆಗೆದಿದ್ದಾರೋ ಇಲ್ಲವೋ, ಜಾಲರಿ ಹಾಕಿದ್ದಾರೋ ಇಲ್ಲವೋ ಎಂಬುದು ತಿಳಿಯದಿದ್ದರೆ ಸ್ಕ್ಯಾನ್ ಓದುವವರ ಅರ್ಧ ಹೊತ್ತು ಊಹೆಯಲ್ಲೇ ಕಳೆಯುತ್ತದೆ.